ಇಬ್ಬರಿದ್ದರೂ ನಾಟಕವಾಗುತ್ತದೆ



ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಮ್ಮ ಗಡಿಭಾಗದ ಶಾಲೆಗಳಲ್ಲಿ ಒಂದೇ ಮಾತು: 'ಮಕ್ಕಳೇ ಕಡಿಮೆ, ನಾಟಕ ಹೇಗೆ ಆಡಿಸೋದು ಸಾರ್?' ಮುಖ್ಯೋಪಾಧ್ಯಾಯನಾಗಿದ್ದಾಗ ನಾನೂ ಹೀಗೆಂದುಕೊಂಡು ಒಂದು ವರ್ಷ ನಾಟಕ ಕೈಬಿಟ್ಟೆ. ಸಿನಿಮಾ ಹಾಡು ಹಾಕಿ ಮಕ್ಕಳನ್ನು ಕುಣಿಸಿದೆ. ಅಂದು ವೇದಿಕೆಯ ಮೇಲೆ ಒಂದು ಮಗುವೂ ಬಾಯಿಬಿಟ್ಟು ಕನ್ನಡ ಆಡಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪಾಶ್ಚಾತ್ಯರ ಕಿರು ಹಾಸ್ಯ ಒಪೆರಾಗಳನ್ನು, ಅಂದರೆ ಗೀತನಾಟಕಗಳನ್ನು ನೋಡಿ. 1733ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಪೆರ್ಗೊಲೇಸಿಯ 'ಲಾ ಸೆರ್ವಾ ಪದ್ರೋನಾ' ಒಂದು ಗಂಭೀರ ಒಪೆರಾದ ಅಂಕಗಳ ನಡುವೆ ನಗಿಸಲೆಂದು ಬಂತು. ಮನೆಗೆಲಸದ ಹುಡುಗಿ ಯಜಮಾನಿಯಾಗುವ ಕಥೆ. ಹಾಡುವವರು ಇಬ್ಬರೇ. ಮೂರನೆಯವನು ಮಾತಿಲ್ಲದ ಸೇವಕ. ಆದರೆ ಸಿಪಾಯಿ ವೇಷದಲ್ಲಿ ಬಂದು ಯಜಮಾನನನ್ನು ಬೆದರಿಸಿ ಕಥೆಯನ್ನು ದಡ ಮುಟ್ಟಿಸುವವನು ಅವನೇ.

1768ರಲ್ಲಿ 'ಬಾಸ್ಟಿಯನ್ ಉಂಟ್ ಬಾಸ್ಟಿಯೆನ್' ರಚಿಸಿದಾಗ ಮೊಜಾರ್ಟ್‌ಗೆ 12 ವರ್ಷ. ಪಾತ್ರಗಳು ಮೂರು. ಒಪೆರಾ ಎಂದರೆ ಇಟಾಲಿಯನ್ ಎನ್ನುತ್ತಿದ್ದ ಕಾಲದಲ್ಲಿ ಅದು ಊರ ಜನರ ಜರ್ಮನ್ ಭಾಷೆಯಲ್ಲಿತ್ತು. 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಬಂದ ಮೆನೊಟ್ಟಿಯ 'ದಿ ಟೆಲಿಫೋನ್'ನಲ್ಲಿ ಮತ್ತೆ ಇಬ್ಬರೇ. ಮದುವೆಯ ಮಾತೆತ್ತಲು ಬಂದ ಹುಡುಗನಿಗೆ ಹುಡುಗಿಯ ಫೋನ್ ಬಿಡುವು ಕೊಡದು. ಕೊನೆಗೆ ಹೊರಗೆ ಹೋಗಿ ಫೋನ್ ಮಾಡಿಯೇ ಕೇಳುತ್ತಾನೆ!

ಮೂರನ್ನೂ ಒಂದೇ ಸಂಜೆ ಆಡಿಸಲು ಒಂದು ಮೇಜು, ಎರಡು ಕುರ್ಚಿ ಸಾಕು. ಮೇಜಿನ ಮೇಲೆ ಮೊದಲು ಚಾಕೊಲೇಟ್ ಬಟ್ಟಲು, ಆಮೇಲೆ ಮಂತ್ರದ ಪುಸ್ತಕ, ಕೊನೆಗೆ ಟೆಲಿಫೋನ್. ಕಾಲ ಬದಲಾದದ್ದು ನೋಡುವವರಿಗೆ ತಿಳಿಯುತ್ತದೆ.

ನಮ್ಮ ಮಕ್ಕಳು ಆ ಸಂಗೀತವನ್ನೇ ಹಾಡಲಿ ಎನ್ನುತ್ತಿಲ್ಲ. ಅದರ ಅಳತೆಯನ್ನು ಕಲಿಯೋಣ: ಇಬ್ಬರು ಮೂವರು, ಅರ್ಧ ಗಂಟೆ, ಒಂದು ಜಗಳ, ನಾಲ್ಕು ಹಾಡು. ಮನೆಯಲ್ಲಿ ತಮಿಳು, ತೆಲುಗು ಆಡುವ, ಕನ್ನಡಕ್ಕೆ ಅಳುಕುವ ಮಗುವಿಗೆ ಮೊದಲ ವರ್ಷ ಮಾತಿಲ್ಲದ ಪಾತ್ರ ಕೊಡಿ. ಅದು ಸುಮ್ಮನಿರುವ ಪಾತ್ರವಲ್ಲ. ಯಾವ ಮಾತಿಗೆ ಯಾವಾಗ ತಿರುಗಬೇಕೆಂದು ತಿಳಿಯಲು ಎಲ್ಲವನ್ನೂ ಕಿವಿಗೊಟ್ಟು ಕೇಳಲೇಬೇಕು. ಮುಂದಿನ ವರ್ಷ ಆ ಮಗುವೇ ಮಾತು ಕೇಳುತ್ತದೆ.

ನಗು ಅನುವಾದಕ್ಕೆ ಕಾಯುವುದಿಲ್ಲ. ಕೇಳಿದ ಕೂಡಲೇ ಅರ್ಥವಾದರೆ ಮಾತ್ರ ಸಭೆ ನಗುತ್ತದೆ. ಮಗುವಿನ ಕನ್ನಡಕ್ಕೆ ಊರೆಲ್ಲ ನಕ್ಕು ಚಪ್ಪಾಳೆ ತಟ್ಟಿದರೆ, ಆ ಭಾಷೆ ಪರೀಕ್ಷೆಗಷ್ಟೇ ಅಲ್ಲವೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ಶಾಲೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ ಇದನ್ನೂ ಕೇಳಿ: 'ನಾಟಕ ಯಾವುದು ಸಾರ್?'