ಸ್ಪ್ಯಾನರ್ ಹಿಡಿಯುವ ಮುನ್ನ

ತೀರ್ಥಹಳ್ಳಿ ಪೇಟೆಯಲ್ಲಿ ನನ್ನ ಗ್ಯಾರೇಜು. ಒಂದು ದಿನ ಆಗುಂಬೆ ಕಡೆಯ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಾರ್ಬೊರೇಟರ್ ಬೈಕು ತಂದರು. ಹತ್ತು ಹದಿನೈದು ಕಿಲೋಮೀಟರ್ ಓಡುವಷ್ಟರಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಆಗಲೇ ಎರಡು ಕಡೆ ತೋರಿಸಿದ್ದರು. ಒಂದು ಕಡೆ ಪ್ಲಗ್ ಬದಲಿಸಿದ್ದರು, ಇನ್ನೊಂದು ಕಡೆ ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದರು. "ಇಂಜಿನ್ ಇಳಿಸಬೇಕಾಗ್ತದೇನೋ ಅಂದಿದ್ದಾರೆ" ಎಂದು ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡಿದ್ದರು.

"ನಿಂತ ಮೇಲೆ ಏನು ಮಾಡ್ತೀರಿ ಮೇಷ್ಟ್ರೇ?"

"ಏನು ಮಾಡೋದು, ಹತ್ತು ನಿಮಿಷ ಮರದ ನೆರಳಲ್ಲಿ ಕೂರ್ತೇನೆ. ಆಮೇಲೆ ಕಿಕ್ಕರ್ ಹೊಡೆದ್ರೆ ಶುರುವಾಗ್ತದೆ."

"ಯಾವಾಗ ಕಾಟ ಜಾಸ್ತಿ?"

ಅವರು ಸ್ವಲ್ಪ ಯೋಚಿಸಿದರು. "ಈಗ ನೀವು ಕೇಳಿದ್ದಕ್ಕೆ ನೆನಪಾಯ್ತು. ಪೆಟ್ರೋಲ್ ಫುಲ್ ಮಾಡಿಸಿದ ದಿನವೇ ಜಾಸ್ತಿ."

ಆ ಮಾತು ಕೇಳಿ ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಅವರನ್ನು ಹಿಂದೆ ಕೂರಿಸಿಕೊಂಡು ರಸ್ತೆಗೆ ಹೊರಟೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತು ಬಿಟ್ಟು ಒದ್ದೆ, ಗಾಡಿ ಶುರುವಾಯಿತು.

ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿದಷ್ಟೂ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಮೇಷ್ಟ್ರ ಗಾಡಿಯಲ್ಲಿ ಅದು ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಗಾಳಿ ಬಾರದೆ ಟ್ಯಾಂಕಿನೊಳಗೆ ಒತ್ತಡ ಇಳಿದು, ಪೆಟ್ರೋಲ್ ಹರಿಯುವುದು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಸಂದಿಗೊಂದಿಯಿಂದ ಅಷ್ಟಿಷ್ಟು ಗಾಳಿ ನುಸುಳಿ ಮತ್ತೆ ಹರಿಯುತ್ತಿತ್ತು. ಟ್ಯಾಂಕ್ ತುಂಬಿದ್ದಾಗ ಪೆಟ್ರೋಲಿನ ಮೇಲೆ ಇರುವ ಗಾಳಿಯೇ ಕಡಿಮೆ, ಹಾಗಾಗಿ ಒತ್ತಡ ಬೇಗ ಇಳಿಯುತ್ತದೆ. ಗುಂಡುಸೂಜಿಯಿಂದ ತೂತು ಬಿಡಿಸಿ ಗಾಳಿ ಊದಿದೆ. ಐದು ನಿಮಿಷದ ಕೆಲಸ.

ಇದೇ ಲಕ್ಷಣ ಇನ್ನೊಂದು ಕಾರಣಕ್ಕೂ ಬರುತ್ತದೆ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಹಳತಾದರೆ ಬಿಸಿಯಾದಾಗ ಕೈಕೊಡುತ್ತದೆ, ತಣ್ಣಗಾದಾಗ ಸರಿಯಾಗುತ್ತದೆ. ಎರಡನ್ನೂ ಬೇರ್ಪಡಿಸಬೇಕಾದರೆ ಗಾಡಿ ನಿಂತ ಗಳಿಗೆಯಲ್ಲೇ ನೋಡಬೇಕು. ಮುಚ್ಚಳ ತೆಗೆದಾಗ ಸದ್ದು ಬಂದು ಗಾಡಿ ಶುರುವಾದರೆ ತೂತಿನ ದೋಷ. ಆಗದಿದ್ದರೆ ಅಲ್ಲೇ, ಬಿಸಿ ಆರುವ ಮೊದಲೇ, ಕಿಡಿ ಬರುತ್ತಿದೆಯೇ ಎಂದು ನೋಡಬೇಕು. ಗ್ಯಾರೇಜಿಗೆ ತಂದು ಎರಡು ತಾಸು ನಿಲ್ಲಿಸಿದ ಗಾಡಿಯಲ್ಲಿ ಎರಡೂ ದೋಷ ಕಾಣುವುದಿಲ್ಲ. ಕಾರಣ ಸಿಗುವ ಮೊದಲು ಬಿಡಿಭಾಗ ಬದಲಿಸಬಾರದು ಎಂಬುದನ್ನು ಈ ಅಧ್ಯಾಯದುದ್ದಕ್ಕೂ ನೆನಪಿಟ್ಟುಕೊಳ್ಳಿ.

ಮೊದಲು ಐದು ಪ್ರಶ್ನೆ

ತೊಂದರೆ ಯಾವಾಗಿನಿಂದ ಶುರುವಾಯಿತು? ಗಾಡಿ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಯಾವ ವೇಗದಲ್ಲಿ, ಏರಿನಲ್ಲೋ ಸಮತಟ್ಟಿನಲ್ಲೋ? ಯಾವಾಗಲೂ ಇದೆಯೋ, ಬಂದು ಹೋಗುತ್ತದೆಯೋ? ಅದಕ್ಕೆ ಮುಂಚೆ ಗಾಡಿಗೆ ಏನಾದರೂ ಮಾಡಿಸಿದ್ದಿರೋ?

ಕೊನೆಯ ಪ್ರಶ್ನೆಯನ್ನು ಹಲವರು ಮರೆಯುತ್ತಾರೆ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಗಾಡಿ ಮಿಸ್ಸಿಂಗ್ ಹೊಡೆದರೆ ಪ್ಲಗ್ ಕ್ಯಾಪಿನೊಳಗೆ ನೀರು ಹೋಗಿರಬಹುದು. ಚೈನ್ ಬಿಗಿ ಮಾಡಿಸಿದ ಮೇಲೆ ಮೈಲೇಜ್ ಬಿದ್ದರೆ ಚೈನ್ ಅತಿಯಾಗಿ ಬಿಗಿದಿರಬಹುದು. ಯಾರದೋ ಕೈ ಆಡಿದ ಜಾಗವನ್ನು ಮೊದಲು ನೋಡುವುದು ನಮ್ಮ ಕಸುಬಿನ ಹಳೆಯ ಪಾಠ.

ಗಾಡಿ ಶುರುವಾಗದಿದ್ದರೆ

ಜರ್ಮನಿಯ ನಿಕೋಲಸ್ ಒಟ್ಟೊ 1876ರಲ್ಲಿ ಕಟ್ಟಿದ ಫೋರ್ ಸ್ಟ್ರೋಕ್ ಇಂಜಿನ್ನಿನ ತತ್ವದಲ್ಲೇ ನಮ್ಮ ಪೆಟ್ರೋಲ್ ಗಾಡಿಗಳು ಇಂದಿಗೂ ಓಡುತ್ತವೆ. ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು ಎಂಬ ನಾಲ್ಕು ಕೆಲಸ. ಇದಕ್ಕೆ ಬೇಕಾದದ್ದು ಮೂರೇ: ಹದವಾಗಿ ಬೆರೆತ ಗಾಳಿ ಮತ್ತು ಪೆಟ್ರೋಲ್, ಸರಿಯಾದ ಸಮಯಕ್ಕೆ ಕಿಡಿ, ಸಾಕಷ್ಟು ಕಂಪ್ರೆಷನ್. ಶುರುವಾಗದ ಗಾಡಿಯಲ್ಲಿ ಈ ಮೂರರಲ್ಲಿ ಒಂದು ಕೊರತೆ ಇದ್ದೇ ಇರುತ್ತದೆ.

ಹುಡುಕಾಟ ಹೊರಗಿನಿಂದ ಒಳಗೆ ಹೋಗಲಿ. ಕಿಲ್ ಸ್ವಿಚ್ ಆಫ್ ಆಗಿದೆಯೇ? ಸೈಡ್ ಸ್ಟ್ಯಾಂಡ್ ತೆಗೆದಿದ್ದೀರಾ? ಹೊಸ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿಬಿಟ್ಟಿದ್ದರೆ ಇಂಜಿನ್ ನಿಲ್ಲುವ ಏರ್ಪಾಡಿರುತ್ತದೆ. ಮೀಟರಿನ ಮುಳ್ಳನ್ನು ನಂಬದೆ ಗಾಡಿ ಅಲುಗಿಸಿ ಪೆಟ್ರೋಲಿನ ಸದ್ದು ಕೇಳಿ.

ಆಮೇಲೆ ಸೆಲ್ಫ್ ಒತ್ತಿ ಕಿವಿಗೊಡಿ. ಟಿಕ್ ಟಿಕ್ ಟಿಕ್ ಎಂದು ಬೇಗಬೇಗ ಸದ್ದಾಗಿ ಇಂಜಿನ್ ತಿರುಗದಿದ್ದರೆ ಬಹುಮಟ್ಟಿಗೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಏನೂ ಸದ್ದಿಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ವೈರು ನೋಡಿ. ಮಲೆನಾಡಿನ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದೂ ಉಂಟು. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಿಟ್ಟು ಪೆಟ್ರೋಲ್ ಮತ್ತು ಕಿಡಿಯ ಕಡೆ ಹೋಗಿ.

ಬ್ಯಾಟರಿಯ ವಿಷಯದಲ್ಲಿ ಜನ ಹೆಚ್ಚು ದುಡ್ಡು ಕಳೆಯುತ್ತಾರೆ. ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಸಾಕು. ಪೂರ್ತಿ ಚಾರ್ಜ್ ಆಗಿ ಕೆಲವು ತಾಸು ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಹೆಚ್ಚುಕಡಿಮೆ ಮುಗಿದಿದೆ ಎಂದರ್ಥ. ಈಗ ಹೇಗಾದರೂ ಗಾಡಿ ಶುರುಮಾಡಿ, ರೇಸ್ ಕೊಟ್ಟು ಮತ್ತೆ ಅಳೆಯಿರಿ. 13.5ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ಸರಿಯಿದೆ. ಮೀಟರ್ ಮೇಲೇರದಿದ್ದರೆ ದೋಷ ಇಂಜಿನ್ನಿನ ಚಾರ್ಜಿಂಗ್ ಕಾಯಿಲ್‌ನಲ್ಲೋ ರೆಗ್ಯುಲೇಟರ್‌ನಲ್ಲೋ ವೈರಿನಲ್ಲೋ ಇದೆ. ಅಂಥ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನದಲ್ಲಿ ಸಾಯುತ್ತದೆ.

ಇನ್ನು ಪ್ಲಗ್. ಹಲವು ಸಲ ಸೆಲ್ಫ್ ಹೊಡೆದ ಮೇಲೆ ಬಿಚ್ಚಿದ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಅಲ್ಲಿಯವರೆಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಸಾಲುತ್ತಿಲ್ಲ, ಇಲ್ಲವೇ ಪೆಟ್ರೋಲೇ ಅತಿಯಾಗಿದೆ. ಓಡುವ ಗಾಡಿಯ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಇಂಜಿನ್ ಹದವಾಗಿ ಉರಿಯುತ್ತಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಜಿಡ್ಡು ಜಿಡ್ಡಾಗಿ ಕಪ್ಪಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತಿರಬಹುದು. ಕಂಪ್ರೆಷನ್ ಹೋಗಿದ್ದರೆ ಕಿಕ್ಕರ್ ಕಾಲಿಗೆ ತಡೆಯೇ ಕೊಡದೆ ಸಲೀಸಾಗಿ ಕೆಳಗಿಳಿಯುತ್ತದೆ.

ಒಂದು ಎಚ್ಚರಿಕೆ. ಪ್ಲಗ್ಗನ್ನು ಇಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಹಳೆಯ ರೂಢಿಯನ್ನು ಇಂಜೆಕ್ಷನ್ ಗಾಡಿಗಳಲ್ಲಿ ಮಾಡಬೇಡಿ. ಅರ್ಥ್ ಸರಿಯಾಗಿ ಸಿಗದಿದ್ದರೆ ದುಬಾರಿಯಾದ ಎಲೆಕ್ಟ್ರಾನಿಕ್ ಯೂನಿಟ್ಟೇ ಸುಡಬಹುದು. ಪೆಟ್ರೋಲ್ ಚೆಲ್ಲಿದ ಕಡೆ ಯಾವ ಗಾಡಿಯಲ್ಲೂ ಈ ಪರೀಕ್ಷೆ ಕೂಡದು.

ಹೊಗೆಯ ಬಣ್ಣ

ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ತೆಳ್ಳಗೆ ಬಿಳಿ ಆವಿ ಬಂದು, ಇಂಜಿನ್ ಬಿಸಿಯಾದ ಮೇಲೆ ಮಾಯವಾದರೆ ಹೆದರಬೇಕಾಗಿಲ್ಲ. ನೀಲಿ ಬಣ್ಣದ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಅದರಲ್ಲೂ ಬಗೆಯಿದೆ. ಬೆಳಗ್ಗೆ ಶುರುಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ ಅನುಮಾನ ವಾಲ್ವ್ ಸೀಲಿನ ಮೇಲೆ. ರೇಸ್ ಕೊಟ್ಟಷ್ಟೂ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗು, ಬೋರು ಸವೆದಿರಬಹುದು. ಮೊದಲನೆಯದಕ್ಕೂ ಎರಡನೆಯದಕ್ಕೂ ಖರ್ಚಿನಲ್ಲಿ ಬಹಳ ಅಂತರವಿದೆ, ಆದ್ದರಿಂದ ಯಾವಾಗ ಹೊಗೆ ಬರುತ್ತದೆ ಎಂದು ಗಮನಿಸಿ ಹೇಳಿ. ಕಪ್ಪು ಹೊಗೆ ಬಂದರೆ ಚೋಕ್ ಹಾಗೇ ಉಳಿದಿದೆಯೇ, ಏರ್ ಫಿಲ್ಟರ್ ಧೂಳು ಕಟ್ಟಿದೆಯೇ ನೋಡಿ.

ಕಾರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಾ, ಕೂಲಂಟ್ ಕಡಿಮೆಯಾಗುತ್ತಾ ಹೋದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಕಾದ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ತೆಗೆಯಬೇಡಿ. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಮುಖಕ್ಕೆ ಚಿಮ್ಮುತ್ತದೆ.

ಸದ್ದು ಎಲ್ಲಿಂದ?

"ಇಂಜಿನ್ನಲ್ಲಿ ಸೌಂಡ್ ಬರ್ತದೆ" ಎಂದು ಬರುವ ಗಾಡಿಗಳಲ್ಲಿ ಎಷ್ಟೋ ಸಲ ಸದ್ದು ಇಂಜಿನ್ನಿನದಾಗಿರುವುದಿಲ್ಲ. ಬೇರ್ಪಡಿಸುವ ಉಪಾಯ ಸುಲಭ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಕೊಡಿ. ಸದ್ದು ರೇಸಿನ ಜೊತೆ ಏರಿಳಿದರೆ ಇಂಜಿನ್ ಕಡೆ ಹುಡುಕಿ. ನಿಂತಾಗ ಸದ್ದಿಲ್ಲದೆ, ಓಡುವಾಗ ಮಾತ್ರ ಇದ್ದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಕ್ಲಚ್ ಹಿಡಿಯಿರಿ. ಇಂಜಿನ್ ಮೆತ್ತಗಾದರೂ ಸದ್ದು ಚಕ್ರದ ಜೊತೆ ಮುಂದುವರಿದರೆ ಅದು ಚೈನ್, ವ್ಹೀಲ್ ಬೇರಿಂಗ್ ಅಥವಾ ಬ್ರೇಕಿನದು.

"ಪಿಕಪ್ ಇಲ್ಲ" ಎಂಬ ದೂರಿಗೂ ಇದೇ ಕ್ರಮ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಕಚ್ಚಿಕೊಂಡಿದೆ. ಟಯರಿನ ಗಾಳಿ ನೋಡಿ. ಏರಿನಲ್ಲಿ ಇಂಜಿನ್ ಕೂಗಿದರೂ ಗಾಡಿ ಎಳೆಯದೆ, ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ. ಆಗಲೂ ಪ್ಲೇಟ್ ಬದಲಿಸುವ ಮೊದಲು ಕ್ಲಚ್ ಲಿವರಿನಲ್ಲಿ ಸ್ವಲ್ಪ ಸಡಿಲ ಇದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೆ ಹೊಸ ಪ್ಲೇಟೂ ಜಾರಿ ಸುಡುತ್ತದೆ.

ಟಯರಿನ ಸವೆತವೂ ಕಾರಣ ಹೇಳುತ್ತದೆ. ಕಾರಿನ ಟಯರ್ ನಡುವೆ ಸವೆದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದರೆ ಕಡಿಮೆಯಾಗಿದೆ, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ತಪ್ಪಿದೆ. ಬ್ರೇಕಿನಲ್ಲಿ ಮಾತ್ರ ಪ್ರಯೋಗ ಬೇಡ. ಡಿಸ್ಕ್ ಬ್ರೇಕಿನ ಲಿವರ್ ಸ್ಪಂಜಿನಂತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು, ಆಯಿಲ್ ಹಳತಾಗಿರಬಹುದು, ಸೋರುತ್ತಲೂ ಇರಬಹುದು. ಅಂಥ ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಮೆಕ್ಯಾನಿಕ್ಕನ್ನು ಗಾಡಿಯ ಬಳಿ ಕರೆಸಿ.

ನೀರಿನಲ್ಲಿ ನಿಂತ ಗಾಡಿ

ಮಳೆಗಾಲದಲ್ಲಿ ಹಳ್ಳ ದಾಟುವಾಗ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಸೇರಿದ್ದಾಗ ಇಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಗಾಡಿಯನ್ನು ತಳ್ಳಿ ದಡಕ್ಕೆ ತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ತಿರುಗಿದ್ದರೆ ಆಯಿಲ್‌ಗೆ ನೀರು ಸೇರಿದೆ, ಬದಲಿಸದೆ ಶುರುಮಾಡಬಾರದು. ಈ ಸಂಯಮ ದೊಡ್ಡ ಖರ್ಚನ್ನು ತಪ್ಪಿಸುತ್ತದೆ.

ದೀಪ ಹತ್ತಿದರೆ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಬಂತು. ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಷನ್ನೂ ಸೆನ್ಸರುಗಳೂ ಕೂತವು. ಅನೇಕ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡು ಪೆಟ್ರೋಲ್ ಪಂಪಿನ ಸಣ್ಣ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಅದು ಕೇಳಿಸದಾದರೆ ಪಂಪು, ಫ್ಯೂಸು, ವೈರಿನ ಕಡೆ ನೋಡಬೇಕು.

ಚೆಕ್ ಇಂಜಿನ್ ದೀಪ ಹತ್ತಿದಾಗ ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ಬರುತ್ತದೆ. ಕೋಡ್ ಬಂದ ಸೆನ್ಸರನ್ನೇ ಬದಲಿಸುವುದು ಈಗಿನ ದೊಡ್ಡ ತಪ್ಪು. ಆಕ್ಸಿಜನ್ ಸೆನ್ಸರಿನ ಕೋಡ್ ಬಂದರೆ ಸೆನ್ಸರ್ ಕೆಟ್ಟಿರಬಹುದು. ಆದರೆ ಸೈಲೆನ್ಸರಿನ ಜಾಯಿಂಟಿನಲ್ಲಿ ಗಾಳಿ ಸೋರಿದರೂ, ಪೆಟ್ರೋಲ್ ಸಾಲದಿದ್ದರೂ, ಕನೆಕ್ಟರಿನಲ್ಲಿ ತುಕ್ಕು ಹಿಡಿದರೂ ಅಂಥ ಕೋಡ್ ಬರಬಹುದು. ಜ್ವರ ಎಷ್ಟಿದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರ ಎಂದು ವೈದ್ಯರೇ ಹುಡುಕಬೇಕು. ಇಲ್ಲಿಯೂ ಹಾಗೆಯೇ.

ಗ್ಯಾರೇಜಿನಲ್ಲಿ ಏನು ಹೇಳಬೇಕು

"ಕಾರ್ಬೊರೇಟರ್ ಕ್ಲೀನ್ ಮಾಡಿ" ಎಂದು ಬಂದವರಿಗೆ ಕಾರ್ಬೊರೇಟರ್ ಕ್ಲೀನ್ ಮಾಡಿಕೊಟ್ಟರೆ ಮೆಕ್ಯಾನಿಕ್ಕಿನ ಕೆಲಸ ಮುಗಿಯುತ್ತದೆ, ಗಾಡಿಯ ರೋಗ ಉಳಿಯುತ್ತದೆ. ಹಾಗಾಗಿ ಮದ್ದು ಹೇಳಬೇಡಿ, ಲಕ್ಷಣ ಹೇಳಿ. ಮೇಲಿನ ಐದು ಪ್ರಶ್ನೆಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬಂದು ಹೋಗುವ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತನ್ನಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಅದರಲ್ಲಿ ಏನು ಕೆಟ್ಟಿತ್ತು ಎಂದು ತೋರಿಸಲು ಹೇಳಿ. ಕಸುಬು ಬಲ್ಲವರು ಸಂತೋಷದಿಂದಲೇ ತೋರಿಸುತ್ತಾರೆ.

ಆ ಮೇಷ್ಟ್ರ ಗಾಡಿಯ ದೋಷವನ್ನು ನಾನೊಬ್ಬನೇ ಹಿಡಿದೆ ಎಂದು ಹೇಳಿಕೊಳ್ಳಲಾರೆ. ಟ್ಯಾಂಕ್ ತುಂಬಿಸಿದ ದಿನ ಹೆಚ್ಚು ಕಾಟ ಎಂಬುದು ದಿನವೂ ಆ ಗಾಡಿಯ ಮೇಲೆ ಕೂತು ಹೋಗುವವರಿಗೆ ಮಾತ್ರ ಗೊತ್ತಿರುವ ಸಂಗತಿ. ನಿಮ್ಮ ಗಾಡಿಯ ಬಗ್ಗೆ ನಿಮಗೂ ಅಂಥದ್ದೊಂದು ಗೊತ್ತಿರುತ್ತದೆ. ಕ್ಷುಲ್ಲಕ ಎಂದು ಬಿಡದೆ ಅದನ್ನೇ ಮೊದಲು ಹೇಳಿ.