ವಿಕಲಚೇತನ ಮಕ್ಕಳ ಕ್ರೀಡೆಯೂ ಸಹಪಾಠಿಗಳ ಸಂಗವೂ

ವಿದ್ಯೆಯು ಬುದ್ಧಿಯನ್ನು ತಿದ್ದುವಂತೆ ಕ್ರೀಡೆಯು ದೇಹವನ್ನೂ ಸ್ವಭಾವವನ್ನೂ ತಿದ್ದುತ್ತದೆ. ಗೆದ್ದಾಗ ಬೀಗದಿರುವುದನ್ನೂ ಸೋತಾಗ ಕುಗ್ಗದಿರುವುದನ್ನೂ ಬಾಲಕನು ಕಲಿಯುವುದು ಆಟದ ಬಯಲಿನಲ್ಲಿಯೇ. ಆದರೆ ಕಾಲಿನ ಊನವುಳ್ಳ ವಿದ್ಯಾರ್ಥಿಗೆ ಈ ಪಾಠವು ಎಷ್ಟೋ ವೇಳೆ ದೊರೆಯುವುದೇ ಇಲ್ಲ. ಗೆಳೆಯರ ಚಪ್ಪಲಿ, ಚೀಲಗಳನ್ನು ಕಾಯುತ್ತ ಅವನು ಮರದ ನೆರಳಿನಲ್ಲಿ ಕುಳಿತಿರುತ್ತಾನೆ.

ಅಧ್ಯಾಪಕ ವೃತ್ತಿಯ ಮೊದಲ ವರ್ಷಗಳಲ್ಲಿ ಇಂಥ ಒಬ್ಬ ಬಾಲಕನಿಗೆ ನಾನೇ ಆಟದ ಅವಧಿಯಿಂದ ವಿನಾಯಿತಿ ಕೊಡಿಸಿ, ಗ್ರಂಥಾಲಯದಲ್ಲಿ ಕೂರಿಸಿದ್ದುಂಟು. ಅದನ್ನು ದಯೆಯೆಂದೇ ಬಗೆದಿದ್ದೆ. ಅವನ ದೃಷ್ಟಿಯು ಪುಸ್ತಕದ ಮೇಲಿರದೆ ಕಿಟಕಿಯ ಆಚೆಗಿದ್ದುದನ್ನು ಕಂಡೂ ಕಾಣದಾದೆ. ನನ್ನ ದಯೆಯು ಅವನನ್ನು ಸಂಗಾತಿಗಳಿಂದ ಬೇರ್ಪಡಿಸಿತೆಂಬ ಅರಿವು ಬಂದುದು ಬಹಳ ತಡವಾಗಿ.

ಸಂಗದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯುಂಟು. ಕೆಡಿಸುವ ಶಕ್ತಿಯಿರುವಂತೆ ಮೇಲೆತ್ತುವ ಶಕ್ತಿಯೂ ಸಂಗಕ್ಕುಂಟು. ತಾರುಣ್ಯದಲ್ಲಿ ಹಿರಿಯರ ಹತ್ತು ಮಾತುಗಳಿಗಿಂತ ಓರಗೆಯವರ ಒಂದು ಮಾತು ಹೆಚ್ಚು ನಾಟುತ್ತದೆ. ‘ಬಾರೋ, ನಮ್ಮ ಕಡೆ ಆಡು’ ಎಂಬ ಕರೆಯು ಸಂಕೋಚವನ್ನು ಕಳೆಯಬಲ್ಲುದು. ಒಂದು ಅಪಹಾಸ್ಯವು ವರ್ಷಗಟ್ಟಲೆ ಮೂಲೆ ಹಿಡಿಸಬಲ್ಲುದು. ‘ನಿನಗೇಕೆ ಈ ಶ್ರಮ?’ ಎಂಬ ಅತಿಯಾದ ಮರುಕವೂ ಅಪಹಾಸ್ಯದಷ್ಟೇ ಹಾನಿಕರ. ಇವೆಲ್ಲಕ್ಕೂ ಮಿಗಿಲಾದುದು, ತನ್ನಂತೆಯೇ ಊನವುಳ್ಳ ಇನ್ನೊಬ್ಬನು ಆಡುವುದನ್ನು ಕಣ್ಣಾರೆ ಕಾಣುವುದು. ಅದರಿಂದ ಹುಟ್ಟುವ ಧೈರ್ಯವನ್ನು ಯಾವ ಉಪದೇಶವೂ ಹುಟ್ಟಿಸಲಾರದು.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗಟ್‌ಮನ್ನರು ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಒಟ್ಟುಗೂಡಿಸಿ ಆಡಿಸಿದರು. 1948ರಲ್ಲಿ ಅಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲು ಹಿಡಿದವರು 16 ಮಂದಿ. 1960ರ ರೋಮ್ ಕ್ರೀಡಾಕೂಟಕ್ಕೆ 23 ದೇಶಗಳಿಂದ ಸುಮಾರು 400 ಮಂದಿ ಬಂದರು. ಅದೇ ಮೊದಲ ಪ್ಯಾರಾಲಿಂಪಿಕ್ಸ್ ಎನಿಸಿತು. ನಮ್ಮ ನಾಡಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿದ್ದೇ ಅಂತಾರಾಷ್ಟ್ರೀಯ ಪದಕಗಳನ್ನು ಗೆದ್ದು, 2001ರಲ್ಲಿ ಪದ್ಮಶ್ರೀ ಪಡೆದರು. ವಿಕಲಚೇತನ ಮಕ್ಕಳಿಗೆ ಆಶ್ರಯವನ್ನೂ ಕಲ್ಪಿಸಿದರು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿಯ ಪದಕ ತಂದರು.

ಶಾಲೆಗಳಿಗೆ ಸುಲಭಸಾಧ್ಯವಾದ ಆಟವೆಂದರೆ, 1956ರಲ್ಲಿ ನೆದರ್ಲೆಂಡ್ಸಿನಲ್ಲಿ ರೂಪುಗೊಂಡ ಕುಳಿತಾಡುವ ವಾಲಿಬಾಲ್. ಇದರ ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಪುರುಷರಿಗೆ ಬಲೆಯ ಎತ್ತರ 1.15 ಮೀಟರ್, ಮಹಿಳೆಯರಿಗೆ 1.05 ಮೀಟರ್. ಚೆಂಡನ್ನು ಹೊಡೆಯುವಾಗ ಕುಳಿತ ನೆಲವನ್ನು ಬಿಟ್ಟೇಳಕೂಡದು. ಕಾಲು ಗಟ್ಟಿಯಿರುವವರೂ ಕುಳಿತೇ ಆಡಬಹುದಾದುದರಿಂದ ಶಾಲೆಯಲ್ಲಿ ಸಕಲಾಂಗರೂ ವಿಕಲಾಂಗರೂ ಒಂದೇ ತಂಡದಲ್ಲಿ ಸೇರಬಹುದು.

ಮಠದ ಪ್ರಸಾದನಿಲಯದಲ್ಲಿ ಮಕ್ಕಳೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಆ ಸಮಪಂಕ್ತಿಯು ಆಟದ ಬಯಲಿಗೂ ವಿಸ್ತರಿಸಲಿ. ಅಧ್ಯಾಪಕ ಬಂಧುಗಳು ವಿನಾಯಿತಿ ಕೊಡುವ ಮುನ್ನ ಬಾಲಕನ ಇಚ್ಛೆಯನ್ನು ಕೇಳಲಿ. ಅವನನ್ನು ಕರೆತರುವ ಹೊಣೆಯನ್ನು ಸಹಪಾಠಿಗಳಿಗೇ ವಹಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ಊನವನ್ನು ಗೆದ್ದು ನಿಂತವರು ವರ್ಷಕ್ಕೊಮ್ಮೆಯಾದರೂ ಬಂದು ಮಕ್ಕಳೊಡನೆ ಆಡಲಿ. ಸಮತಟ್ಟಾದ ನೆಲ, ಒಂದು ಬಲೆ, ಒಂದು ಚೆಂಡು: ದಾನಿಗಳಿಗೆ ಇದು ಭಾರವಾಗದು. ಮರದ ನೆರಳಿನಲ್ಲಿ ಕುಳಿತ ಆ ಬಾಲಕನನ್ನು ಅಂಕಣಕ್ಕೆ ಕರೆದುಕೊಳ್ಳುವುದೂ ದಾಸೋಹವೇ ಎಂದು ನನ್ನ ವಿನಮ್ರ ಭಾವನೆ.