ತೇರಿನ ಮಿಣಿಯೂ ಗೆಲಿಲಿಯೋನ ಗುಂಡೂ

ಮಿಣಿಗೆ ಕೈಹಚ್ಚಿದ ನೂರಾರು ಜನ ಉಸಿರು ಬಿಗಿಹಿಡಿದು ಜಗ್ಗಿದರೂ ಅಲುಗದ ತೇರು, ಹಿಂದಿನಿಂದ ಸನ್ನೆಕೋಲು ಹಾಕಿ ಮೀಟಿದೊಡನೆ ನರಳುತ್ತ ಗೇಣುದ್ದ ಸರಿದು, ಒಮ್ಮೆ ಸರಿದ ಮೇಲೆ ಮೊದಲಿನಷ್ಟು ಶ್ರಮವನ್ನು ಬೇಡದೆ ಗಡಗಡನೆ ಸಾಗುವ ಪರಿಯನ್ನು ಜಾತ್ರೆಯಲ್ಲಿ ಕಾಣದವರು ನಮ್ಮಲ್ಲಿ ವಿರಳ. ಎಳೆಯುವವರು ಕೈಬಿಟ್ಟರೆ ಅದು ಅನತಿದೂರದಲ್ಲಿಯೇ ನಿಲ್ಲುತ್ತದೆ. ಚಲನೆಯಿರಬೇಕಾದರೆ ಚಾಲಕಶಕ್ತಿಯೊಂದು ಎಡೆಬಿಡದೆ ಇರಲೇಬೇಕೆಂದು ಇದರಿಂದ ಯಾರಿಗಾದರೂ ತೋರುವುದು ಸಹಜ. ಗ್ರೀಸಿನ ಅರಿಸ್ಟಾಟಲನಿಗೂ ಹಾಗೆಯೇ ತೋರಿತು, ಮತ್ತು ಆತನ ಮಾತು ಶತಶತಮಾನಗಳ ಕಾಲ ಯುರೋಪಿನ ಪಂಡಿತರ ಬುದ್ಧಿಯನ್ನು ಬಹುಮಟ್ಟಿಗೆ ಆಳಿತು.

ಆದರೆ ಗಾಲಿಗೆ ಕೊಡುವ ಮರದ ತಡೆಯನ್ನು ಕೈಯಲ್ಲಿ ಹಿಡಿದು, ಪ್ರಾಣವನ್ನೇ ಒತ್ತೆಯಿಟ್ಟು ತೇರಿನ ಪಕ್ಕದಲ್ಲಿ ನಡೆಯುವವರು ಬಲ್ಲ ಸತ್ಯವೇ ಬೇರೆ: ಹೊರಡಲೊಲ್ಲದ ಆ ಮಹಾಭಾರವು, ಓಟ ಹಿಡಿದ ಮೇಲೆ ನಿಲ್ಲಲೂ ಒಲ್ಲದು. ಈ ಎರಡು ಹಟಗಳೂ ಒಂದೇ ಗುಣದ ಎರಡು ಮುಖಗಳು. ಶಾಸ್ತ್ರದಲ್ಲಿ ಅದಕ್ಕೆ ಜಡತ್ವವೆಂದು ಹೆಸರು.

ಅದನ್ನು ಕಂಡ ಗೆಲಿಲಿಯೋನ ಯುಕ್ತಿಯನ್ನು ನೆನೆದಾಗಲೆಲ್ಲ ನನಗೆ ಮೈ ಪುಳಕಗೊಳ್ಳುತ್ತದೆ. ಮರದ ತೊಲೆಯಲ್ಲಿ ನುಣುಪಾದ ಕಾಲುವೆ ಕೊರೆದು, ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟು, ನಿಖರವಾದ ಗಡಿಯಾರವಿಲ್ಲದ ಆ ಕಾಲದಲ್ಲಿ, ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಹೊತ್ತನ್ನು ಅಳೆದವನು ಅವನು. ಹಾದಿಯ ಕಾಲುಭಾಗಕ್ಕೆ ಅರ್ಧ ಹೊತ್ತು ಸಾಕೆಂದು ಕಂಡವನು. ಒಂದು ಇಳಿಜಾರಿನಲ್ಲಿ ಇಳಿದ ಗುಂಡು, ಘರ್ಷಣೆಯೇ ಇಲ್ಲದಿದ್ದರೆ, ಎದುರಿನ ಏರಿನಲ್ಲಿ ಅಷ್ಟೇ ಎತ್ತರಕ್ಕೆ ಏರಬೇಕು. ಏರನ್ನು ತಗ್ಗಿಸಿದಷ್ಟೂ ಆ ಎತ್ತರವನ್ನು ಮುಟ್ಟಲು ದೂರ ಸಾಗಬೇಕು. ಏರೇ ಇಲ್ಲದೆ ನೆಲವು ಸಮತಲವಾದರೆ ಅದು ನಿಲ್ಲುವುದಾದರೂ ಎಲ್ಲಿ? ಗೃಹಬಂಧನದಲ್ಲಿದ್ದ ಈ ವೃದ್ಧನ ಚಲನಶಾಸ್ತ್ರದ ಗ್ರಂಥವು 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾಗುವ ವೇಳೆಗೆ ಅವನ ಕಣ್ಣುಗಳು ಕುರುಡಾಗಿದ್ದವು.

1687ರಲ್ಲಿ ನ್ಯೂಟನ್ನನು ಈ ತತ್ತ್ವಕ್ಕೆ ನಿಯಮದ ರೂಪವನ್ನಿತ್ತನು. ಬಲವು ಚಲನೆಯ ಕಾರಣವಲ್ಲ, ಚಲನೆಯ ಬದಲಾವಣೆಯ ಕಾರಣ. ಒಂದೇ ಬಲಕ್ಕೆ ಬರಿಯ ಬಂಡಿಯು ಪಡೆಯುವ ವೇಗೋತ್ಕರ್ಷವನ್ನು ಹೇರು ತುಂಬಿದ ಬಂಡಿಯು ಪಡೆಯಲಾರದು. ಇದಕ್ಕಿಂತಲೂ ವಿದ್ಯಾರ್ಥಿಗಳನ್ನು ಬೆರಗುಗೊಳಿಸುವುದು ಇನ್ನೊಂದು ಮಾತು: ತೇರು ನೇರವಾದ ಬೀದಿಯಲ್ಲಿ ಏಕರೀತಿಯ ವೇಗದಿಂದ ಸಾಗುತ್ತಿರುವಷ್ಟು ಹೊತ್ತೂ, ಬೆವರು ಸುರಿಸಿ ಜಗ್ಗುವ ಅಷ್ಟು ಜನರ ಎಳೆತವು ಗಾಲಿ, ಅಚ್ಚು, ನೆಲಗಳ ಘರ್ಷಣೆಗೆ ಸರಿಸಮನಾಗಿ ವ್ಯಯವಾಗಿ, ತೇರಿನ ಮೇಲೆ ಉಳಿಯುವ ಬಲವು ಶೂನ್ಯ! ವೇಗ ಕುಂದದಂತೆ ಅವರು ಕಾಯುತ್ತಿದ್ದಾರೆ, ಅಷ್ಟೆ. ಅರಿಸ್ಟಾಟಲನ ಕಣ್ಣಿಗೆ ಬೀಳದೆ ಹೋದದ್ದು ಈ ಮರೆಯ ಘರ್ಷಣೆಯೇ.

ಹಾಗೆಂದು ಘರ್ಷಣೆಯನ್ನು ಬರಿಯ ವೈರಿಯೆನ್ನಲಾಗದು. ಎಳೆಯುವವನು ಪಾದದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತಾನೆ, ನೆಲವು ಅಷ್ಟೇ ಬಲದಿಂದ ಅವನನ್ನು ಮುಂದಕ್ಕೆ ನೂಕುತ್ತದೆ. ಹಿಂದಿನ ರಾತ್ರಿ ಮಳೆಯಾಗಿ ಬೀದಿ ಕೆಸರಾದರೆ, ತೋಳಿನ ಕಸುವು ಎಷ್ಟಿದ್ದರೂ ಕಾಲು ಜಾರಿ ಮಿಣಿ ಸಡಿಲವಾಗುತ್ತದೆ. ಆಗ ಊರಿನ ಹಿರಿಯರು ಮೊದಲು ಕೂಗಿ ತರಿಸುವುದು ಬುಟ್ಟಿಗಟ್ಟಲೆ ಮರಳನ್ನು.